ಮೊಬೈಲಿನೊಳಗಿನ ಹುಡುಗಿ

“ಅಮ್ಮಾ, ನಮ್ಮ ಹಾಡಿನ ಕುತ್ತಿಗೆ ಹಿಸುಕ್ತಾ ಇರುವುದು ಯಾರು?”

ಗಣಿತದ ಪುಸ್ತಕದಿಂದ ತಲೆಯೆತ್ತಿ ಯಕ್ಷಿತಾ ಕೂಗಿ ಕೇಳಿದಳು. ಅಡುಗೆಮನೆಯಲ್ಲಿ ಅಮ್ಮನ ಮೊಬೈಲಿನಿಂದ ಯಾರೋ ಒಬ್ಬ ಹುಡುಗಿ ಹಾಡುವುದು ಕೇಳುತ್ತಿತ್ತು. ತೆಳ್ಳಗಿನ ಸ್ವರ. ಅದೂ ಬಾಯಿಂದಲ್ಲ, ಮೂಗಿನಿಂದ ಬಂದ ಹಾಗೆ.

“ನೆಗಡಿಯಾದ ಬೆಕ್ಕು!” ಎಂದು ಯಕ್ಷಿತಾ ಮೂಗು ಹಿಡಿದುಕೊಂಡು ಅದೇ ಸಾಲನ್ನು ಅಣಕಿಸಿ ಹಾಡಿದಳು. ಮಂಚದ ಮೇಲೆ ಬಿದ್ದುಕೊಂಡಿದ್ದ ಅಣ್ಣ ಸೃಜನ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನು ಅಷ್ಟೊಂದು ನಗುವುದು ಯಾಕೆಂದು ಅವಳಿಗೆ ಹೊಳೆಯಲಿಲ್ಲ.

ಅಮ್ಮ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮೊಬೈಲ್.

“ಎಂತ ಮಾರಾಯ್ತಿ, ನಿನ್ನ ಸ್ವರ ನಿನಗೇ ಗೊತ್ತಾಗ್ಲಿಲ್ವಾ? ನೀನೇ ಇದು! ನಿನ್ನೆ ಭಜನೆ ಪ್ರಾಕ್ಟೀಸಲ್ಲಿ ನಮಿತಾ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದ್ದಾಳೆ.”

ಯಕ್ಷಿತಾಳ ನಗು ಅರ್ಧಕ್ಕೇ ನಿಂತಿತು. ಮೂಗು ಹಿಡಿದ ಕೈ ಮೂಗಿನ ಮೇಲೆಯೇ ಉಳಿಯಿತು.

“ಸುಳ್ಳು.”

“ನಾನ್ಯಾಕೆ ಸುಳ್ಳು ಹೇಳ್ಲಿ? ಕೇಳು ಬೇಕಾದ್ರೆ,” ಎಂದು ಅಮ್ಮ ಮೊದಲಿನಿಂದ ಹಾಕಿದಳು.

ಮೊದಲು ಬಂದದ್ದು ಭಜನೆಯಲ್ಲಿ ಮೊದಲು ಹಾಡುವ ದೂಜಜ್ಜನ ಸ್ವರ. ‘ದೀಪ ಹಚ್ಚಿದೆವಯ್ಯ, ಬಾಗಿಲ ತೆರೆದೆವಯ್ಯ...’ ಹಳೆಯದಾಗಿ ಒಡೆದು, ಸಾಲಿನ ಕೊನೆಗೆ ಬರುವಾಗ ಸ್ವಲ್ಪ ನಡುಗುವ ಅದೇ ಸ್ವರ. ಹಿಂದೆ ಎಲ್ಲೋ ಅಮ್ಮ ಕೆಮ್ಮಿದ್ದೂ ಕೇಳಿಸಿತು. ಅದೂ ಅಮ್ಮನದೇ ಕೆಮ್ಮು. ಆಮೇಲೆ ಆ ಬೆಕ್ಕು ಹಾಡಿತು.

ಮೊಬೈಲ್ ಹಾಳಾಗಿದೆ ಎಂದು ಹೇಳೋಣವೆಂದರೆ ಅದೂ ಆಗುವ ಹಾಗಿರಲಿಲ್ಲ. ಅಜ್ಜನ ಸ್ವರ ಸರಿ ಇತ್ತು. ಅಮ್ಮನ ಕೆಮ್ಮು ಸರಿ ಇತ್ತು. ಕೆಟ್ಟದ್ದು ಅವಳ ಸ್ವರ ಮಾತ್ರ.

“ನೆಗಡಿ ಬೆಕ್ಕೇ, ಮ್ಯಾಂವ್!” ಎಂದ ಸೃಜನ್. ತಾನೇ ಇಟ್ಟ ಹೆಸರು ತನ್ನ ತಲೆಯ ಮೇಲೆಯೇ ಬಂದು ಕೂತಿತು. ಯಕ್ಷಿತಾ ಪುಸ್ತಕವನ್ನು ಅವನತ್ತ ಎಸೆದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.

ಅವಳು ಹೀಗೆ ಓಡಿಹೋಗಲು ಕಾರಣವಿತ್ತು.

ಆಂಟಾಪ್ ಹಿಲ್‌ನ ಅವರ ಕಾಲೊನಿಯಲ್ಲಿ ಉಡುಪಿ, ಮಂಗಳೂರು ಕಡೆಯವರ ಒಂದು ಭಜನಾ ಮಂಡಳಿ ಇದೆ. ಪ್ರತಿ ಶನಿವಾರ ಸಂಜೆ ಭಜನೆ, ವರ್ಷಕ್ಕೊಮ್ಮೆ ಮಂಗಳೋತ್ಸವ. ಮಂಗಳೋತ್ಸವಕ್ಕೆ ಬಾಂದ್ರಾದಿಂದ, ಫೋರ್ಟಿನಿಂದ, ಎಲ್ಲೆಲ್ಲಿಂದಲೋ ಲೋಕಲ್ ಟ್ರೇನ್ ಹಿಡಿದು ಜನ ಬರುತ್ತಾರೆ. ಆ ದಿನದ ಮೊದಲ ಹಾಡಿಗೆ ಒಂದು ಪದ್ಧತಿ. ದೀಪ ಹಚ್ಚುವಾಗ ಮಂಡಳಿಯಲ್ಲಿ ಎಲ್ಲರಿಗಿಂತ ದೊಡ್ಡವರು ಒಂದೊಂದೇ ಸಾಲು ಹಾಡಬೇಕು. ಎಲ್ಲರಿಗಿಂತ ಚಿಕ್ಕವರು ಅದೇ ಸಾಲನ್ನು ಮತ್ತೆ ಹಾಡಬೇಕು. ಆ ಹಾಡು ಮುಗಿದ ಮೇಲೆಯೇ ಉಳಿದವರು ಬಾಯಿ ತೆರೆಯುವುದು.

ದೊಡ್ಡವರು ದೂಜಜ್ಜ. ಹಾಡನ್ನು ಕಟ್ಟಿದವರೂ ಅವರೇ. ಚಿಕ್ಕವಳು ಈ ವರ್ಷ ಹೊಸದಾಗಿ ಸೇರಿದ ಯಕ್ಷಿತಾ. ಮಂಗಳೋತ್ಸವ ನಾಡಿದ್ದು ಶನಿವಾರವೇ. ಶಾಲೆಯ ಗೆಳತಿ ಸ್ನೇಹಲ್‌ಗೆ ಹೇಳಿಯಾಗಿತ್ತು. ‘ಪಕ್ಕಾ ಬರ್ತೇನೆ’ ಎಂದು ಅವಳು ಪ್ರಾಮಿಸ್ ಮಾಡಿಯೂ ಆಗಿತ್ತು.

ಬಾತ್‌ರೂಮಿನಲ್ಲಿ ನಿಂತು ಯಕ್ಷಿತಾ ಆ ಸಾಲನ್ನು ಮೆಲ್ಲಗೆ ಹಾಡಿ ನೋಡಿದಳು. ಅರೆ, ಈಗ ಸರಿಯಾಗಿಯೇ ಇತ್ತು! ಅವಳಿಗೆ ಗೊತ್ತಿದ್ದ ಅವಳ ಸ್ವರ ಇದೇ. ಹಾಡಲು ಶುರುಮಾಡಿದರೆ ಒಳಗೆ ಏನೋ ಗುಂಡಗೆ, ಬೆಚ್ಚಗೆ ತುಂಬಿಕೊಳ್ಳುತ್ತಿತ್ತು. ಎದೆ, ಗಲ್ಲ, ಹಲ್ಲು ಎಲ್ಲ ಸಣ್ಣಗೆ ನಡುಗುತ್ತಿದ್ದವು. ಕಣ್ಣು ಮುಚ್ಚಿದರೆ ನೀರಿನ ಮೇಲೆ ಅಂಗಾತ ಮಲಗಿ ತೇಲಿದ ಹಾಗೆ. ಇಂಥ ಸ್ವರ ಮೊಬೈಲಿನೊಳಗೆ ಹೋದ ಮೇಲೆ ಹಾಗೆ ಯಾಕಾಯಿತು?

ಬಕೆಟಿನೊಳಗೆ ತಲೆ ಹಾಕಿ ಹಾಡಿದಳು. ಸ್ವರ ಇನ್ನೂ ದೊಡ್ಡದಾಯಿತು. ಎರಡು ಕಿವಿಗೂ ಬೆರಳಿಟ್ಟುಕೊಂಡು ಹಾಡಿದಳು. ದೇವಸ್ಥಾನದ ಒಳಗೆ ನಿಂತು ಹಾಡಿದ ಹಾಗೆ ಗುಂಯ್ ಎಂದಿತು.

ಹೊರಗಿನಿಂದ ಸೃಜನ್ ಬಾಗಿಲು ತಟ್ಟಿದ. ಅವನಿಗೂ ಸ್ವಲ್ಪ ಅಯ್ಯೋ ಅನ್ನಿಸಿರಬೇಕು.

“ಏ, ಟೆನ್ಶನ್ ತಗೊಳ್ಬೇಡ ಯಾರ್. ನಮ್ಮ ಸೈನ್ಸ್ ಟೀಚರ್ ಹೇಳಿದ್ದಾರೆ. ಎಲ್ಲರಿಗೂ ಹಾಗೇ ಆಗ್ತದೆ. ನಮ್ಮ ಸ್ವರ ನಮಗೆ ತಲೆಯ ಎಲುಬಿನ ಒಳಗಿನಿಂದಲೂ ಕೇಳ್ತದೆ. ಅದಕ್ಕೆ ದಪ್ಪ ಅನ್ನಿಸ್ತದೆ. ಬೇರೆಯವರಿಗೆ ಹೊರಗಿಂದು ಮಾತ್ರ ಕೇಳುವುದು.”

ಯಕ್ಷಿತಾ ಚಿಲಕ ತೆಗೆದಳು. “ಅಂದ್ರೆ ನಾನು ಹಾಡುವಾಗ ನಿಮಗೆಲ್ಲ ಕೇಳುವುದು ಆ ಬೆಕ್ಕಿನದ್ದಾ?”

“ಹ್ಞೂಂ,” ಎಂದ ಸೃಜನ್. ಸಮಾಧಾನ ಮಾಡಲು ಬಂದವನಿಗೆ ತಾನು ಕೆಲಸ ಕೆಡಿಸಿದೆನೆಂದು ಆಗ ಗೊತ್ತಾಯಿತು. “ಸಾರಿ.”

ಅವಳು ಮತ್ತೆ ಚಿಲಕ ಹಾಕಿಕೊಂಡಳು.

ಮಾರನೆಯ ದಿನ ಶಾಲೆಯಿಂದ ಬಂದವಳು ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತಳು. ಊಟವಾದ ಮೇಲಿನ ಮಧ್ಯಾಹ್ನದ ಬಿಸಿಲು. ಕೆಳಗೆ ಯಾರೋ ಹಪ್ಪಳ ಒಣಗಿಸಿದ್ದರು. ಎದುರು ಬಿಲ್ಡಿಂಗುಗಳ ಆಚೆ, ಕಂಬಗಳ ಮೇಲೆ, ಗುಲಾಬಿ ಬಣ್ಣದ ಮೋನೊರೈಲು ಸದ್ದಿಲ್ಲದೆ ತೆವಳಿಕೊಂಡು ಹೋಯಿತು.

ಬೇರೆ ದಿನವಾಗಿದ್ದರೆ ಅವಳು ಈ ಹೊತ್ತಿಗೆ ಹಾಡುತ್ತಿದ್ದಳು. ಇವತ್ತು ಹಾಡು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಕೆಳಗಿನ ಮನೆಯ ಚಂಪಾ ಆಂಟಿ ‘ಹಾಡು ಮಗಾ, ಕೇಳುವ’ ಎಂದು ಎಷ್ಟು ಸಲ ಹೇಳಿಲ್ಲ! ಹುಟ್ಟುಹಬ್ಬಕ್ಕೆ, ಗಣಪತಿಗೆ, ಎಲ್ಲರ ಎದುರು ಹಾಡಿ ಎಷ್ಟು ಚಪ್ಪಾಳೆ ತಗೊಂಡಿಲ್ಲ! ಅವರೆಲ್ಲ ಕೇಳಿದ್ದು ಆ ಮೂಗಿನ ಸ್ವರವನ್ನೇ. ಪಾಪ, ಸಣ್ಣ ಹುಡುಗಿ, ಬೇಜಾರಾಗಬಾರದೆಂದು ಚಪ್ಪಾಳೆ ತಟ್ಟಿರಬೇಕು. ಯೋಚಿಸಿದಷ್ಟೂ ಅವಳಿಗೆ ನಾಚಿಕೆಯಾಯಿತು. ಮುಖ ಬಿಸಿಯಾಗಿ, ಕಣ್ಣು ತುಂಬಿಕೊಂಡವು.

ಹಾಗೇ ಕಿಟಕಿಗೆ ಒರಗಿದವಳಿಗೆ ಜೊಂಪು ಹತ್ತಿತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮೋನೊರೈಲು ತಿರುಗಿ ಬರುತ್ತಿತ್ತು. ಒಳಗೆ ಜನರೇ ಇಲ್ಲ. ಕೊನೆಯ ಕಿಟಕಿಯ ಹತ್ತಿರ ಒಬ್ಬಳೇ ಒಬ್ಬಳು ಹುಡುಗಿ. ಅವಳು ಬಾಯಿ ತೆರೆದು ಹಾಡುತ್ತಿದ್ದಳು. ಗಾಜು ಮುಚ್ಚಿದ್ದರಿಂದ ಏನೂ ಕೇಳುತ್ತಿರಲಿಲ್ಲ. ಯಕ್ಷಿತಾ ಕೈ ಬೀಸಿದಳು. ಆ ಹುಡುಗಿ ಇವಳನ್ನು ನೋಡಿದಳು. ಗುರುತು ಸಿಗಲಿಲ್ಲವೆಂಬ ಹಾಗೆ ಹುಬ್ಬು ಗಂಟಿಕ್ಕಿದಳು. ರೈಲು ಬಿಲ್ಡಿಂಗಿನ ಹಿಂದೆ ಸರಿದುಹೋಯಿತು.

“ಏಳು, ಏಳು. ಪ್ರಾಕ್ಟೀಸಿಗೆ ಹೊತ್ತಾಯ್ತು,” ಎಂದು ಅಮ್ಮ ಭುಜ ಅಲುಗಿಸಿದಳು.

“ನಾನು ಬರುವುದಿಲ್ಲ.”

“ನಾಳೆ ಮಂಗಳೋತ್ಸವ. ಇವತ್ತು ಬರುವುದಿಲ್ಲ ಅಂದ್ರೆ ಎಂತ?”

“ನಾಳೆಯೂ ಬರುವುದಿಲ್ಲ. ನಿಮಗೆಲ್ಲ ಗೊತ್ತಿತ್ತು, ನನ್ನ ಸ್ವರ ಹಾಗೆ ಅಂತ. ಯಾರೂ ಹೇಳ್ಲೇ ಇಲ್ಲ!”

ಅಮ್ಮ ಕಣ್ಣು ಕಣ್ಣು ಬಿಟ್ಟಳು. “ಚಂದ ಉಂಟು ಅಂತ ಹೇಳ್ತಾನೇ ಇದ್ದೆವಲ್ಲ ಮಗಾ?”

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನೇ ಹೇಳುವುದಲ್ವಾ?”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಯಕ್ಷಿತಾಗೆ ಇನ್ನಷ್ಟು ಅಳು ಬಂತು. ಅಮ್ಮ ಸೆರಗಿನಿಂದ ಅವಳ ಮೂಗು ಒರೆಸಿ, ಗಂಭೀರವಾಗಿ ಹೇಳಿದಳು: “ಆಯ್ತು. ನಿನಗೆ ಬೇಡ ಅಂದ್ರೆ ನಾನು ಜೋರು ಮಾಡುವುದಿಲ್ಲ. ಆದ್ರೆ ದೂಜಜ್ಜನಿಗೆ ನೀನೇ ಬಂದು ಹೇಳ್ಬೇಕು. ಅಷ್ಟು ದೊಡ್ಡವರಿಗೆ ಬೇರೆಯವರ ಹತ್ರ ಹೇಳಿಸುವುದು ಸರಿಯಲ್ಲ.”

ಹೀಗೆ ಯಕ್ಷಿತಾ ಹಾಡಲು ಅಲ್ಲ, ಹಾಡುವುದಿಲ್ಲವೆಂದು ಹೇಳಲು ಹೊರಟಳು.

ಮಂಡಳಿಯ ಕೋಣೆ ಹಿಂದಿನ ಬಿಲ್ಡಿಂಗಿನ ಕೆಳಗೆ. ಚಾಪೆ ಹಾಸಿತ್ತು. ಊದುಬತ್ತಿಯ ವಾಸನೆ. ಗೋಡೆಗೆ ಒರಗಿ ದೂಜಜ್ಜ ಕಾಲು ಚಾಚಿ ಕೂತಿದ್ದರು. ತಾಳಗಳನ್ನು ಬಟ್ಟೆಯಿಂದ ಉಜ್ಜುತ್ತ, ಎಂದಿನ ಹಾಗೆ ತಮ್ಮ ಫೋರ್ಟಿನ ಕತೆ ಹೇಳುತ್ತಿದ್ದರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವರು ಎಷ್ಟೋ ವರ್ಷ ಸಪ್ಲಾಯರ್ ಆಗಿದ್ದವರು. ಗಿರಾಕಿಗಳ ಆರ್ಡರನ್ನು ಅಡುಗೆಮನೆಗೆ ಕೇಳುವ ಹಾಗೆ ಕೂಗುವುದು ಅವರ ಕೆಲಸ.

“ನಾನು ‘ಎರಡು ಇಡ್ಲಿ, ಒಂದು ವಡಾ’ ಅಂತ ಇಲ್ಲಿಂದ ಕೂಗಿದ್ರೆ ಭಟ್ರಿಗೆ ಎರಡನೇ ಸಲ ಕೇಳ್ಲಿಕ್ಕೇ ಇಲ್ಲ. ಗಂಟೆ ಹೊಡೆದ ಹಾಗೆ! ಶೆಟ್ರು ಹೇಳುವುದಿತ್ತು, ದೂಜನ ಸ್ವರ ಒಂದಿದ್ರೆ ಸಾಕು, ಹೋಟೆಲಿಗೆ ಬೋರ್ಡೇ ಬೇಡ ಅಂತ.”

ಯಕ್ಷಿತಾ ಅವರ ಹತ್ತಿರ ಹೋಗಿ ಕೂತಳು. “ಅಜ್ಜ, ನಾನು...” ಎಂದಳು. ಅಷ್ಟರಲ್ಲಿ ನಮಿತಾ ಅಕ್ಕ ಸ್ಪೀಕರ್ ಹಿಡಿದುಕೊಂಡು ಬಂದಳು. ಕಾಲೇಜಿಗೆ ಹೋಗುವ ಅವಳೇ ಮಂಡಳಿಯ ಸೆಕ್ರೆಟರಿ.

“ಅಜ್ಜ, ನಿಮ್ಮ ಡಬ್ಬಾ ಫೋನಿನಲ್ಲಿ ವಾಟ್ಸಾಪ್ ಇಲ್ವಲ್ಲ! ನೀವು ಮಾತ್ರ ಕೇಳ್ಲಿಲ್ಲ. ಕೇಳಿ, ಮಸ್ತ್ ಬಂದಿದೆ.”

ಬೇಡ, ಬೇಡ ಎಂದು ಯಕ್ಷಿತಾ ಹೇಳುವ ಮೊದಲೇ ಹಾಡು ಶುರುವಾಗಿಬಿಟ್ಟಿತು.

‘ದೀಪ ಹಚ್ಚಿದೆವಯ್ಯ...’

ಅಜ್ಜ ತಲೆ ಓರೆ ಮಾಡಿ ಕೇಳಿದರು. ಹಣೆಯ ಮೇಲೆ ಗೆರೆ ಮೂಡಿತು.

“ಇದ್ಯಾರು, ಈ ಮುದುಕ?” ಎಂದರು.

ಎಲ್ಲರೂ ಜೋಕ್ ಎಂದುಕೊಂಡು ನಕ್ಕರು. ಅಷ್ಟರಲ್ಲಿ ಹುಡುಗಿಯ ಸ್ವರ ಬಂತು. ಯಕ್ಷಿತಾ ಉಸಿರು ಬಿಗಿಹಿಡಿದು ಚಾಪೆಯ ಎಳೆ ಕೀಳತೊಡಗಿದಳು. ಆದರೆ ಅಜ್ಜನ ಮುಖ ಅರಳಿತು.

“ಹಾಂ! ಇದು ನಮ್ಮ ಯಕ್ಷಿ. ಸರಿಯಾಗಿ ಬಂದಿದೆ. ಆದ್ರೆ ಇವಳಿಗಿಂತ ಮೊದಲು ಹಾಡಿದವ ಯಾರು? ನಮ್ಮ ಹಾಡನ್ನು ಅವನಿಗೆ ಕಲಿಸಿದ್ದು ಯಾರು?”

“ನೀವೇ ಅಜ್ಜ,” ಎಂದಳು ನಮಿತಾ.

“ಛೇ! ನಿನ್ನ ಮಷೀನು ಹಾಳಾಗಿದೆ.”

“ಮಷೀನು ಸರಿ ಉಂಟು ಅಜ್ಜ. ಇನ್ನೊಂದು ಸಲ ಕೇಳಿ.”

ಇನ್ನೊಂದು ಸಲ ಕೇಳಿದರು. ಈ ಸಲ ಯಾರೂ ನಗಲಿಲ್ಲ. ಅಜ್ಜನ ಕೈಯಲ್ಲಿದ್ದ ತಾಳಗಳು ಸುಮ್ಮನಾದವು. ಸಾಲಿನ ಕೊನೆಗೆ ಸ್ವರ ನಡುಗಿದಾಗ ಅವರು ಯಾರೋ ಬೈದ ಹಾಗೆ ತಲೆ ತಗ್ಗಿಸಿದರು.

“ಹೀಗಾಗಿದೆಯಾ?” ಎಂದು ಮೆಲ್ಲಗೆ ಕೇಳಿದರು. ಅವರು ಗೋಡೆ ಹಿಡಿದು ಎದ್ದರು. “ಈ ಸ್ವರ ಇಟ್ಟುಕೊಂಡು ನಾಳೆ ಅಷ್ಟು ಜನರ ಎದುರು ಕೂತುಕೊಳ್ಳುವುದಾ? ಬೇಡ. ಬೇರೆ ಯಾರಾದ್ರೂ ಹಾಡಲಿ.” ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಗೆ ನಡೆದೇಬಿಟ್ಟರು.

ಯಕ್ಷಿತಾ ಬಂದ ಕೆಲಸ ತಾನಾಗಿಯೇ ಆಗಿತ್ತು. ಅಜ್ಜನೇ ಹಾಡದಿದ್ದರೆ ಅವಳನ್ನೂ ಯಾರೂ ಒತ್ತಾಯಿಸುತ್ತಿರಲಿಲ್ಲ. ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ಅವಳಿಗೆ ಸಿಟ್ಟು ಬಂತು. ಯಾರ ಮೇಲೆ, ಯಾಕೆ ಎಂದು ಯೋಚಿಸದೆ ಬರಿಗಾಲಿನಲ್ಲಿ ಹೊರಗೆ ಓಡಿದಳು.

ಅಜ್ಜ ದೂರವೇನೂ ಹೋಗಿರಲಿಲ್ಲ. ವಾಚ್‌ಮನ್ ಕೂರುವ ಸಿಮೆಂಟ್ ಕಟ್ಟೆಯ ಮೇಲೆ ಕೂತಿದ್ದರು. ಸಂಜೆಯಾಗುತ್ತಿತ್ತು. ಮಕ್ಕಳು ಕ್ರಿಕೆಟ್ ಮುಗಿಸಿ ಜಗಳ ಶುರುಮಾಡಿದ್ದರು. ಮೇಲಿನ ಮನೆಗಳಲ್ಲಿ ಒಂದೊಂದಾಗಿ ಲೈಟು ಹತ್ತುತ್ತಿತ್ತು.

“ಅಜ್ಜ, ಅದು ನೀವೇ!” ಎಂದಳು ಯಕ್ಷಿತಾ ಏದುಸಿರು ಬಿಡುತ್ತ. “ಮೊಬೈಲ್ ಹಾಳಾಗ್ಲಿಲ್ಲ. ನಿಮ್ಮ ಸ್ವರ ಇರುವುದೇ ಹಾಗೆ.”

“ಹಾಗೆ ಅಂದ್ರೆ? ಒಡಕಾ?”

“ಹ್ಞೂಂ, ಒಡಕು.”

“ನಡುಗ್ತದಾ?”

“ನಡುಗ್ತದೆ. ಸಾಲಿನ ಕೊನೆಗೆ ನಡುಗ್ತದೆ.”

ದೂಜಜ್ಜ ಮುಖ ಆಚೆ ತಿರುಗಿಸಿದರು. ಯಕ್ಷಿತಾಗೆ ತಾನು ತಪ್ಪು ಮಾತಾಡಿದೆನೋ ಎಂದು ಹೆದರಿಕೆಯಾಯಿತು. ಆದರೆ ಮಾತು ನಿಲ್ಲಲಿಲ್ಲ.

“ನಾನು ಸಣ್ಣವಳಿರುವಾಗಿಂದ ಹಾಗೇ ಉಂಟು. ಅಮ್ಮನ ಮಡಿಲಲ್ಲಿ ಮಲಗಿ ಭಜನೆ ಕೇಳ್ತಿದ್ದೆನಲ್ಲ, ಆಗಲೂ ಹಾಗೇ. ನಿಮ್ಮದು ನಡುಗಿದ ಮೇಲೆಯೇ ನನಗೆ ನಿದ್ದೆ ಬರ್ತಿತ್ತು. ನಡುಗದಿದ್ರೆ ಅದು ನಿಮ್ಮದೇ ಅಂತ ಹೇಗೆ ಗೊತ್ತಾಗ್ಬೇಕು? ನನಗೆ ಅದೇ ಇಷ್ಟ!”

ಅಜ್ಜ ಅವಳನ್ನು ನೋಡಿದರು. “ನನಗೆ ಹಾಗೆ ಕೇಳುವುದಿಲ್ಲ ಮಗಾ. ಹಾಡುವಾಗ ನನಗೆ ಕೇಳುವುದು ಬೇರೆಯೇ. ಫೋರ್ಟಿನಲ್ಲಿ ಹೇಗಿತ್ತೋ, ಹಾಗೇ.”

“ನನಗೂ!” ಎಂದಳು ಯಕ್ಷಿತಾ. “ನನಗೂ ನನ್ನದು ಬೇರೆಯೇ ಕೇಳ್ತದೆ. ದೊಡ್ಡದು. ಮೊಬೈಲಿನಲ್ಲಿ ಹಾಡಿದ್ದು ನಾನಲ್ಲ ಅಜ್ಜ. ಅದು ನೆಗಡಿಯಾದ ಬೆಕ್ಕು.”

“ಯಾರು ಹೇಳಿದ್ದು ಹಾಗೆ?”

“ನಾನೇ.”

ದೂಜಜ್ಜನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. “ಎಂತ ಮಾತು ಅದು? ಅದು ನೀನೇ. ನೀನು ಬಾಯಿ ಬಿಟ್ರೆ ಬರುವುದು ಅದೇ ಸ್ವರ. ಮೂಗಿನಿಂದ ಸ್ವಲ್ಪ ಬರ್ತದೆ, ಬರಲಿ! ಕೋಣೆಯಲ್ಲಿ ಇಪ್ಪತ್ತು ಜನ ಒಟ್ಟಿಗೆ ಹಾಡ್ತಾ ಇದ್ರೂ ನನಗೆ ನಿನ್ನದು ಬೇರೆ ಕೇಳ್ತದೆ. ಯಕ್ಷಿ ಬಂದಿದ್ದಾಳೆ ಅಂತ ಕಣ್ಣು ಬಿಡದೆ ಹೇಳ್ತೇನೆ.”

“ಸಚ್ಚಿ?”

“ಮತ್ತೆ? ನಾನು ಸುಳ್ಳು ಹೇಳ್ತೇನಾ?”

“ನಾನೂ ಸುಳ್ಳು ಹೇಳ್ಲಿಲ್ಲ,” ಎಂದಳು ಯಕ್ಷಿತಾ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅಜ್ಜ ಗಲ್ಲ ಕೆರೆದುಕೊಂಡರು. ಮೇಲೆ ಮೋನೊರೈಲು ದೀಪಗಳ ಸಾಲನ್ನು ಎಳೆದುಕೊಂಡು ಹೋಯಿತು. ಅದು ಮರೆಯಾಗುವವರೆಗೂ ಇಬ್ಬರೂ ಅದನ್ನೇ ನೋಡಿದರು.

“ಒಂದು ಸಾಲು ಹಾಡು ನೋಡುವ,” ಎಂದರು ಅಜ್ಜ.

“ಇಲ್ಲಿಯಾ?”

“ಮತ್ತೆಲ್ಲಿ?”

ಯಕ್ಷಿತಾ ಅತ್ತಿತ್ತ ನೋಡಿದಳು. ಜಗಳವಾಡುವ ಹುಡುಗರು ಜಗಳದಲ್ಲೇ ಇದ್ದರು. ಮೆಲ್ಲಗೆ ಹಾಡಿದಳು. ಅಜ್ಜ ಕಣ್ಣು ಮುಚ್ಚಿ ಕೇಳಿ, “ಇದೇ,” ಎಂದರು.

“ಈಗ ನೀವು,” ಎಂದಳು ಅವಳು.

ಅಜ್ಜ ಗಂಟಲು ಸರಿಮಾಡಿಕೊಂಡರು. ಆಮೇಲೆ ಹಾಡಿದರು. ಯಕ್ಷಿತಾ ಕಣ್ಣು ಮುಚ್ಚಿದಳು.

“ಇದೇ ಅಜ್ಜ.”

ಕೋಣೆಯ ಬಾಗಿಲಲ್ಲಿ ಅಮ್ಮ, ನಮಿತಾ ಅಕ್ಕ, ಇನ್ನೂ ಯಾರ‍್ಯಾರೋ ಇಣುಕುತ್ತಿದ್ದರು. ದೂಜಜ್ಜ ಅವರತ್ತ ನೋಡಿ ಜೋರಾಗಿ ಗದರಿದರು: “ಎಂತ ನೋಡುವುದು? ಹಾರ್ಮೋನಿಯಂ ತೆಗೆಯಿರಿ! ಪ್ರಾಕ್ಟೀಸ್ ಮಾಡ್ಲಿಕ್ಕೆ ಇಲ್ವಾ?”

ಶನಿವಾರ ಕೋಣೆ ಕಿಕ್ಕಿರಿದಿತ್ತು. ಒಳಗೆ ಜಾಗ ಸಾಲದೆ ಹೊರಗೂ ಕುರ್ಚಿ ಹಾಕಿದ್ದರು. ಸ್ನೇಹಲ್ ಮೊದಲ ಸಾಲಿನಲ್ಲಿ ಸೃಜನ್‌ನ ಪಕ್ಕ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಹೂವಿನ, ಎಣ್ಣೆಯ, ಹೊಸ ಸೀರೆಗಳ ವಾಸನೆ. ಅಮ್ಮ ದೀಪದ ಬತ್ತಿ ಮುಂದೆ ಎಳೆದು ಬೆಂಕಿಕಡ್ಡಿ ಗೀರಿದಳು. ಎಲ್ಲ ಮಾತೂ ನಿಂತಿತು.

ದೂಜಜ್ಜ ಹಾಡಿದರು. ಈಗ ಯಕ್ಷಿತಾಳ ಸರದಿ.

ಹೆದರಿಕೆಯಾಯಿತು. ಆದರೂ ಹಾಡಿದಳು. ಒಳಗೆ ಆ ಗುಂಡಗಿನ, ಬೆಚ್ಚಗಿನ ಸ್ವರ ತುಂಬಿಕೊಂಡಿತು. ಇದು ತನಗೆ ಮಾತ್ರ ಕೇಳುವುದು ಎಂದು ಅವಳಿಗೆ ಈಗ ಗೊತ್ತಿತ್ತು. ಹೊರಗೆ ಹೋಗುತ್ತಿರುವುದು ಇನ್ನೊಂದು, ತೆಳ್ಳಗಿನದು, ಮೂಗಿನದು. ಮೊಬೈಲಿನೊಳಗಿನ ಆ ಹುಡುಗಿ ದೀಪವನ್ನು ದಾಟಿ, ಸ್ನೇಹಲ್‌ಳನ್ನು ದಾಟಿ, ಹೊರಗಿನ ಕುರ್ಚಿಗಳವರೆಗೆ ಹೋಗುತ್ತಿರಬೇಕು. ಯಕ್ಷಿತಾ ಓರೆಗಣ್ಣಿನಿಂದ ನೋಡಿದಳು. ಅಜ್ಜ ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ ಕೇಳುತ್ತಿದ್ದರು.

ಮುಂದಿನ ಸಾಲು ಅಜ್ಜನದು. ಸ್ವರ ಏರಿತು, ಒಡೆಯಿತು, ಕೊನೆಗೆ ಬರುವಾಗ ನಡುಗಿತು. ಹಾಡುತ್ತಿದ್ದ ಅಜ್ಜ ಆಗ ಫೋರ್ಟಿನಲ್ಲಿದ್ದರು. ಅವರಿಗೆ ಆ ನಡುಕ ಕೇಳುವ ಹಾಗಿರಲಿಲ್ಲ. ಯಕ್ಷಿತಾ ಅದು ಪೂರ್ತಿ ಮುಗಿಯುವವರೆಗೆ ಉಸಿರು ಹಿಡಿದು, ಅವರಿಗಾಗಿ ಕೇಳಿದಳು.